ಅರ್ಧ ದನಿಗೆ ಒಪ್ಪದ ಮೇಡಂ

ಮೇಡಂ ಅವರ ಕುರ್ತಾಗಳೆಲ್ಲ ಪಕ್ಕದ ಹೊಲಿಗೆಯಲ್ಲೇ ಬಿಚ್ಚಿಕೊಳ್ಳುತ್ತಿದ್ದವು. ದಪ್ಪಗಿದ್ದರು, ನಿಜ, ಆದರೆ ಕಾರಣ ಅದಲ್ಲ. ಹಾಡಲು ಉಸಿರು ಎಳೆದುಕೊಂಡರೆ ನಮ್ಮ ನಿಮ್ಮ ಹಾಗೆ ಅವರ ಎದೆ ಮೇಲೇಳುತ್ತಿರಲಿಲ್ಲ. ಕೆಳಗಿನ ಪಕ್ಕೆಲುಬುಗಳು ಎರಡೂ ಬದಿಗೆ, ಬೆನ್ನಿನ ಕಡೆಗೂ, ಕೊಡೆ ಬಿಚ್ಚಿದಂತೆ ಅಗಲವಾಗುತ್ತಿದ್ದವು. "ಬೆನ್, ಅಳತೆ ಉಸಿರು ಹಿಡಿದಾಗ ತಗೊಳ್ಳಲೋ, ಬಿಟ್ಟಾಗ ತಗೊಳ್ಳಲೋ?" ಎಂದು ದರ್ಜಿ ಒಮ್ಮೆ ಕೈಚೆಲ್ಲಿ ಕೇಳಿದ. "ಹಿಡಿದಾಗ. ಬಿಟ್ಟ ಮೇಲೆ ನಾನು ಬರೀ ಮುದುಕಿ" ಎಂದರು ಮೇಡಂ.

ಇಟಲಿಯ ಒಪೆರಾ ಗಾಯಕಿ ಅವರು. ಇಡೀ ನಾಟಕವನ್ನು ಹಾಡಿಯೇ ಮುಗಿಸುವ ಕಲೆ ಅದು. ನಮ್ಮ ಕುಂದಾಪುರದ ಕಡೆಯವರಿಗೆ ಅರ್ಥವಾಗುವಂತೆ ಹೇಳುವುದಾದರೆ, ಯಕ್ಷಗಾನದಲ್ಲಿ ಭಾಗವತರ ಕೆಲಸವನ್ನೂ ವೇಷಧಾರಿಯೇ ಮಾಡಿದ ಹಾಗೆ. ಹೆಂಗಸರ ದನಿಗಳಲ್ಲಿ ಎಲ್ಲಕ್ಕಿಂತ ಎತ್ತರದ್ದು ಸೊಪ್ರಾನೊ. ಮೇಡಂ ಅವರದು ಆ ದನಿ. ಅಹಮದಾಬಾದಿನ ಸ್ಯಾಟಲೈಟ್ ಬಡಾವಣೆಯಲ್ಲಿ, ನಾಲ್ಕನೇ ಮಹಡಿಯ ಫ್ಲಾಟಿನಲ್ಲಿ, ಒಂದು ಹಳೆಯ ಪಿಯಾನೋ ಇಟ್ಟುಕೊಂಡು ಒಬ್ಬರೇ ಇದ್ದರು. ಕಟ್ಟಡದ ಸೊಸೈಟಿಯವರಿಗೆ ಅವರು 'ಇಟಾಲಿಯನ್ ಬೆನ್', ಅಂದರೆ ಇಟಲಿಯ ಅಕ್ಕ. ನನಗೆ ಮೇಡಂ.

ನನ್ನಪ್ಪ ಆ ಸೊಸೈಟಿಯ ಎದುರಿನ ಉಡುಪಿ ಹೋಟೆಲಿನಲ್ಲಿ ದೋಸೆ ಹೊಯ್ಯುವವರು. ಇಪ್ಪತ್ತಾರು ವರ್ಷ ಅದೇ ಕಾವಲಿಯ ಮುಂದೆ ನಿಂತವರು. ಮೇಡಂ ದಿನಾ ಸಂಜೆ ನಾಲ್ಕಕ್ಕೆ ಬಂದು ಎರಡು ಇಡ್ಲಿ ತಿಂದು ಬಿಸಿನೀರು ಕುಡಿಯುತ್ತಿದ್ದರು. ಹಾಡುವ ಮುಂಚೆ ಏನೂ ತಿನ್ನುವ ಹಾಗಿಲ್ಲ, ಹಾಗಾಗಿ ಅದೇ ಅವರ ಊಟ. ಗುಜರಾತಿ ಓದಿ ಬರೆಯುವವರು ಯಾರಾದರೂ ಬೇಕು, ಬಿಲ್ಲು, ನೋಟೀಸು ಒಂದೂ ತಿಳಿಯುವುದಿಲ್ಲ ಎಂದು ಅವರು ಒಂದು ದಿನ ಗಲ್ಲೆಯಲ್ಲಿ ಕೇಳಿದರು. ಗಲ್ಲೆಯವರು ಅಪ್ಪನನ್ನು ತೋರಿಸಿದರು, ಅಪ್ಪ ನನ್ನನ್ನು. ನಾನಾಗ ಬಿಕಾಂ ಎರಡನೇ ವರ್ಷ. ಹತ್ತನೇ ತರಗತಿ ದಾಟಿದವರು ನಮ್ಮ ಮನೆತನದಲ್ಲಿ ಯಾರೂ ಇರಲಿಲ್ಲ. ಗುಜರಾತಿ ಮಾಧ್ಯಮದಲ್ಲಿ ಓದಿದವಳು ನಾನು. ಕಾಲೇಜಿನಲ್ಲಿ ಎಲ್ಲರೂ ಇಂಗ್ಲಿಷಿನಲ್ಲಿ ಮಾತಾಡುವಾಗ ಗೋಡೆ ನೋಡುತ್ತ ಕೂರುತ್ತಿದ್ದೆ. "ನೀನು ನನಗೆ ಗುಜರಾತಿ ಓದಿ ಹೇಳು, ನಾನು ನಿನ್ನ ಜೊತೆ ಇಂಗ್ಲಿಷ್ ಮಾತಾಡ್ತೀನಿ" ಎಂದು ಮೇಡಂ ಒಪ್ಪಂದ ಮಾಡಿಕೊಂಡರು. ಮಾಡಿಕೊಂಡ ಹಾಗೇ ನಡೆಸಿದರು ಕೂಡ. ಮುಂದೆ ಕೆಲಸದ ಸಂದರ್ಶನದಲ್ಲಿ ಒಬ್ಬರು ನನ್ನ ಉಚ್ಚಾರ ಕೇಳಿ, "ಎಲ್ಲಿ ಓದಿದ್ದು? ಹೊರದೇಶದಲ್ಲಾ?" ಎಂದರು. "ಸ್ಯಾಟಲೈಟಿನಲ್ಲಿ" ಎಂದೆ.

ಅವರ ಕತೆಯನ್ನು ನಾನು ಒಂದೇ ಸಲಕ್ಕೆ ಕೇಳಿದ್ದಲ್ಲ. ಬಿಲ್ಲು ಓದುವಾಗ ಸ್ವಲ್ಪ, ಬಟ್ಟೆ ಮಡಚುವಾಗ ಸ್ವಲ್ಪ. ಉತ್ತರ ಇಟಲಿಯ ಭತ್ತದ ಸೀಮೆಯಲ್ಲಿ ಹುಟ್ಟಿದ್ದರು. ಇಟಲಿಯಲ್ಲಿ ಭತ್ತವೇ ಎಂದು ನಾನು ನಕ್ಕರೆ, ಎದ್ದು ಹೋಗಿ ಒಂದು ಫೋಟೋ ತಂದು ಮುಂದಿಟ್ಟರು. ಮೊಣಕಾಲಿನವರೆಗೆ ನೀರು, ಸಾಲಾಗಿ ಬಗ್ಗಿದ ಹೆಂಗಸರು, ತಲೆಗೆ ಹುಲ್ಲಿನ ಟೋಪಿ. ಕಳೆ ಕೀಳುವವರು. ಎಡಗಡೆಯಿಂದ ಮೂರನೆಯವಳು ಅವರ ಅಮ್ಮ. ನನ್ನಜ್ಜಿಯೂ ಜೀವಮಾನವಿಡೀ ಗದ್ದೆಯ ನೆಟ್ಟಿಗೆ ಹೋದವಳು. ಆಮೇಲೆ ನಾನು ನಗಲಿಲ್ಲ.

ಅವರಲ್ಲೂ ಕಾಲೇಜು ಕಂಡ ಮೊದಲಿಗರು ಮೇಡಮ್ಮೇ. ಸಂಗೀತ ಶಾಲೆಯ ಪರೀಕ್ಷೆಗೆ ಅಮ್ಮನ ಬೂಟು ಹಾಕಿಕೊಂಡು ಹೋದರಂತೆ. ಪ್ರೊಫೆಸರು ದನಿ ಕೇಳುವ ಮೊದಲು ಬೂಟು ನೋಡಿದ. "ಕೋರಸ್ಸಿಗೆ ಆದೀತು" ಎಂದ. ಅಂದರೆ ಹಿಂದೆ ಗುಂಪಿನಲ್ಲಿ ನಿಂತು ಹಾಡುವವರ ಪೈಕಿ. ಆರು ವರ್ಷ ಹಾಗೇ ನಿಂತರು. ನಿಂತಲ್ಲೇ ನಾಯಕಿಯ ಪಾತ್ರಗಳನ್ನೆಲ್ಲ ಬಾಯಿಪಾಠ ಮಾಡಿದರು. ಸಣ್ಣ ಊರಿನ ಥಿಯೇಟರಿನಲ್ಲಿ ಒಂದು ಸಂಜೆ ನಾಯಕಿಗೆ ಗಂಟಲು ಕಟ್ಟಿತು. ಯಾರಿಗೆ ಪಾತ್ರ ಗೊತ್ತು ಎಂದು ವ್ಯವಸ್ಥಾಪಕ ಕೂಗಿದಾಗ ಇವರು ಕೈ ಎತ್ತಲಿಲ್ಲವಂತೆ. ಸೀದಾ ಹೋಗಿ ನಾಯಕಿಯ ಉಡುಪು ಹಾಕಿಕೊಳ್ಳತೊಡಗಿದರಂತೆ. "ಕೈ ಎತ್ತಿದ್ದರೆ ಇನ್ನೂ ನಾಲ್ಕು ಜನ ಎತ್ತುತ್ತಿದ್ದರು" ಎಂದರು ನನಗೆ.

ಆಮೇಲೆ ಇಪ್ಪತ್ತು ವರ್ಷ ನಾಯಕಿಯಾಗಿಯೇ ಹಾಡಿದರು. ಎಲ್ಲಾ ಸಣ್ಣ, ಮಧ್ಯಮ ಊರುಗಳು. ಎಲ್ಲಕ್ಕಿಂತ ದೊಡ್ಡ ರಂಗಮಂದಿರ ಮಾತ್ರ ಸಿಗಲಿಲ್ಲ. ಒಮ್ಮೆ ಅಲ್ಲಿ ಹಾಡಿ ತೋರಿಸಿದ್ದರು. ದನಿ ಚೆನ್ನಾಗಿದೆ, ಆದರೆ ಪಾತ್ರ ಹಸಿವಿನಿಂದ ಸಾಯುವ ಹುಡುಗಿಯದು, ನಿಮ್ಮ ಮೈ ನೋಡಿದರೆ ಯಾರೂ ನಂಬುವುದಿಲ್ಲ ಎಂದರಂತೆ. "ಹಸಿದವಳನ್ನೇ ಕರೆತನ್ನಿ, ಅವಳು ಹಾಡಲಿ, ಕೇಳೋಣ" ಎಂದು ಹೇಳಿ ಬಂದರು. ಮತ್ತೆ ಆ ಕಡೆ ತಲೆ ಹಾಕಲಿಲ್ಲ. ಈ ಮಾತು ಹೇಳುವಾಗ ಅವರ ಮುಖದಲ್ಲಿ ನೋವು ಹುಡುಕಿದೆ. ಇತ್ತು. ಆದರೆ ಪಶ್ಚಾತ್ತಾಪ ಇರಲಿಲ್ಲ.

ಗಂಡ ಸೂರತ್ತಿನವರು. ಸೀರೆ ನೇಯುವ ಯಂತ್ರ ಕೊಳ್ಳಲು ಇಟಲಿಗೆ ಹೋದವರನ್ನು ಅಲ್ಲಿನ ಕಾರ್ಖಾನೆಯವರು ಮರ್ಯಾದೆಗೆಂದು ಒಪೆರಾಕ್ಕೆ ಕರೆದೊಯ್ದಿದ್ದರು. "ಮೊದಲ ಅಂಕವಿಡೀ ನಿದ್ದೆ ಹೊಡೆದ. ಆದರೆ ಗೊರಕೆ ಹೊಡೆಯಲಿಲ್ಲ. ಇಷ್ಟು ಮರ್ಯಾದೆ ಇರುವವನು ಸಾಕು ಅನ್ನಿಸಿತು" ಎನ್ನುತ್ತಿದ್ದರು. ಸೂರತ್ತಿನ ದೊಡ್ಡ ಕುಟುಂಬದಲ್ಲಿ ಹದಿನಾಲ್ಕು ವರ್ಷ ಬಾಳಿದರು. ಗಂಡ ಹೋದ ಮೇಲೆ ಮೈದುನ, "ಭಾಭಿ, ಮೇಲಿನ ಕೋಣೆ ನಿಮ್ಮದೇ, ಶಾಂತವಾಗಿ ಇದ್ದುಬಿಡಿ" ಎಂದರು. ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು. ಶಾಂತವಾಗಿ ಎಂಬ ಪದ ಇವರಿಗೆ ಹಿಡಿಸಲಿಲ್ಲ. ಗಂಡ ಅಹಮದಾಬಾದಿನಲ್ಲಿ ತೆಗೆದಿಟ್ಟಿದ್ದ ಫ್ಲಾಟಿಗೆ ಪಿಯಾನೋ ಹೇರಿಕೊಂಡು ಬಂದುಬಿಟ್ಟರು.

ನಾನು ಹೋಗಲು ಶುರುಮಾಡಿ ಒಂದು ವರ್ಷವಾಗಿತ್ತು. ವಡೋದರಾದ ಸಂಗೀತ ಕಾಲೇಜಿನವರು ಅವರನ್ನು ಹಾಡಲು ಕರೆದರು. ಮೇಡಮ್ಮಿಗೆ ಆಗ ಅರವತ್ತೊಂಬತ್ತು. ಆ ವಯಸ್ಸಿನಲ್ಲಿ ಸೊಪ್ರಾನೊಗಳು ಹಾಡುವುದಿಲ್ಲ, ನೆನಪು ಹೇಳುತ್ತಾರೆ. ಇವರು ಒಪ್ಪಿಕೊಂಡರು. ಅದೂ ಮೈಕಿಲ್ಲದೆ. "ಇದು ಕೊನೆಯದು. ಬಾಗಿಲು ನಾನೇ ಹಾಕಿಕೊಳ್ಳಬೇಕು, ಬೇರೆಯವರು ಹಾಕಬಾರದು" ಎಂದರು. ಕೈಯಲ್ಲಿ ಮೂರು ತಿಂಗಳಿತ್ತು. ದಿನಾ ಮಧ್ಯಾಹ್ನ ಎರಡರಿಂದ ಮೂರೂವರೆಗೆ ಅಭ್ಯಾಸ. ಬೆಳಗ್ಗೆ ಅವರ ದನಿ ಬಿಚ್ಚುತ್ತಿರಲಿಲ್ಲ, ಸಂಜೆಗೆ ದಣಿಯುತ್ತಿತ್ತು. ಒಂದು ವಾರ ನಿಲ್ಲಿಸಿದರೂ ಈ ವಯಸ್ಸಿಗೆ ಮೇಲಿನ ಸ್ವರಗಳು ವಾಪಸು ಬರುವುದಿಲ್ಲ ಎಂದು ನನಗೆ ಬಿಡಿಸಿ ಹೇಳಿದ್ದರು.

ಮಧ್ಯಾಹ್ನ ಎರಡೆಂದರೆ ಗುಜರಾತಿನಲ್ಲಿ ಅಂಗಡಿಯವನೂ ಅರ್ಧ ಷಟರ್ ಎಳೆದು ಮಲಗುವ ಹೊತ್ತು. ಮೊದಲೆಲ್ಲ ಮೇಡಂ ಮೆಲ್ಲಗೆ ಅರ್ಧ ತಾಸು ಹಾಡುತ್ತಿದ್ದರು, ಯಾರೂ ತಕರಾರು ಮಾಡಿರಲಿಲ್ಲ. ಈಗ ಪೂರ್ತಿ ದನಿ ಬಂತು. ಕೆಳಗಿನ ಮಹಡಿಯಲ್ಲಿದ್ದ ಸೊಸೈಟಿಯ ಚೇರ್ಮನ್ನರ ಹೆಂಡತಿಗೆ ನಿದ್ದೆ ಹೋಯಿತು. ಎಂಟೇ ದಿನಕ್ಕೆ ನೋಟೀಸು ಬಂತು: ಮಧ್ಯಾಹ್ನ ಹಾಡುವುದನ್ನು ಕೂಡಲೇ ನಿಲ್ಲಿಸತಕ್ಕದ್ದು.

ನಾನು ಓದಿ ಹೇಳಿದೆ. "ಪೆನ್ನು ತಗೋ" ಎಂದರು. ಅವರು ಹೇಳಿದ್ದು ನಾಲ್ಕೇ ವಾಕ್ಯ. ನಾನು ಈ ಮನೆಯಲ್ಲಿ ಒಂಬತ್ತು ವರ್ಷದಿಂದ ಹಾಡುತ್ತಿದ್ದೇನೆ. ಇನ್ನು ಹನ್ನೊಂದು ವಾರ ಎರಡರಿಂದ ಮೂರೂವರೆಗೆ ಹಾಡುತ್ತೇನೆ. ಇದು ಕೋರಿಕೆಯಲ್ಲ, ಸೂಚನೆ. ಆಮೇಲೆ ನೀವು ಸುಖವಾಗಿ ಮಲಗಬಹುದು.

ಮನೆಗೆ ಬಂದು ಗುಜರಾತಿಯಲ್ಲಿ ಬರೆಯಲು ಕೂತೆ. ನನ್ನ ಕೈ ಬೇರೆಯೇ ಬರೆಯಿತು. ಮಾನ್ಯ ಚೇರ್ಮನ್ ಸಾಹೇಬರ ಸನ್ನಿಧಿಗೆ. ನಾನೊಬ್ಬ ವಯಸ್ಸಾದ ವಿಧವೆ. ತೊಂದರೆಗೆ ಕ್ಷಮೆಯಿರಲಿ. ಮೆಹರ್ಬಾನಿ ಮಾಡಿ ಸ್ವಲ್ಪ ಹೊತ್ತು ಹಾಡಲು ಅನುಮತಿ ಕೊಡಬೇಕೆಂದು ಕೈಮುಗಿದು ವಿನಂತಿ.

ಅದು ಮೋಸವೆಂದು ನನಗೆ ಒಂದಿಷ್ಟೂ ಅನ್ನಿಸಲಿಲ್ಲ. ಉಪಕಾರ ಮಾಡುತ್ತಿದ್ದೇನೆ ಎಂದೇ ಅಂದುಕೊಂಡೆ. ಅಪ್ಪನ ರಜೆಚೀಟಿ, ನನ್ನ ಸ್ಕಾಲರ್‌ಶಿಪ್ಪು, ತಮ್ಮನ ಶಾಲೆಯ ಸೀಟು, ಎಲ್ಲಾ ಅರ್ಜಿಗಳನ್ನೂ ಹನ್ನೆರಡನೇ ವಯಸ್ಸಿನಿಂದ ಬರೆದವಳು ನಾನೇ. ದಯೆ ಬೇಡುವ ಆ ಮೆಹರ್ಬಾನಿ ಇಲ್ಲದ ಅರ್ಜಿಯೊಂದಿದೆ ಎಂದೇ ನನಗೆ ಗೊತ್ತಿರಲಿಲ್ಲ. ಅಪ್ಪನನ್ನು ಕೇಳಿದರೆ, "ದೊಡ್ಡೋರ ಹತ್ರ ಒಂದ್ ನಮಸ್ಕಾರ ಹಾಕ್ರೆ ನಮ್ದ್ ಎಂತ ಹೋತ್ತ್ ಮಗಾ?" ಎಂದರು. ಮೇಡಂ ಓದಲಾಗದ ಲಿಪಿಯ ಕೆಳಗೆ ನಂಬಿ ಸಹಿ ಹಾಕಿದರು.

ನಾಲ್ಕು ದಿನಕ್ಕೆ ಉತ್ತರ ಬಂತು. ಓಡಿಹೋಗಿ ಖುಷಿಯಿಂದ ಓದಿದೆ. "ನಿಮ್ಮ ವಿನಂತಿಯನ್ನು ಸಹಾನುಭೂತಿಯಿಂದ ಪರಿಶೀಲಿಸಿ, ಸಂಜೆ ಐದರಿಂದ ಐದೂವರೆವರೆಗೆ, ಕಿಟಕಿಗಳನ್ನು ಮುಚ್ಚಿಕೊಂಡು ಹಾಡಲು ಅನುಮತಿ ನೀಡಲಾಗಿದೆ."

"ಅನುಮತಿ? ಯಾರು ಕೇಳಿದ್ದು?"

ನನ್ನ ಹತ್ತಿರ ಪತ್ರದ ನಕಲು ಇತ್ತು. ಒಂದೊಂದೇ ಸಾಲು ಇಂಗ್ಲಿಷಿಗೆ ತಿರುಗಿಸಿ ಹೇಳಿಸಿದರು. ವಯಸ್ಸಾದ ವಿಧವೆ ಎಂಬಲ್ಲಿಗೆ ಬಂದಾಗ ಕಣ್ಣು ಮುಚ್ಚಿಕೊಂಡರು. ಮುಗಿದ ಮೇಲೆ, ಬೈಯುತ್ತಾರೆಂದು ಕಾದೆ. ಬೈಯಲಿಲ್ಲ. ಪಾಠ ಮಾಡುವವರ ದನಿಯಲ್ಲಿ ಹೇಳಿದರು: "ತಾಲೀಮಿನಲ್ಲಿ ನಾವು ಗಂಟಲು ಉಳಿಸಿಕೊಳ್ಳೋಕೆ ಅರ್ಧ ದನಿಯಲ್ಲಿ ಹಾಡ್ತೀವಿ. ತಪ್ಪಲ್ಲ. ಆದರೆ ಜನರ ಎದುರು ಅರ್ಧ ದನಿಯಲ್ಲಿ ಹಾಡಿದವಳು ಕಳ್ಳಿ. ನೀನು ನನ್ನ ಪಾತ್ರವನ್ನ ಅವರೆದುರು ಅರ್ಧ ದನಿಯಲ್ಲಿ ಹಾಡಿಬಿಟ್ಟೆ."

ನನಗೂ ಸಿಟ್ಟು ಬಂತು. "ನಿಮಗೇನು ಮೇಡಂ, ನೀವು ಬಿಳಿಯರು. ನೀವು ಗದರಿಸಿದರೂ ಜನ ನಕ್ಕು ಸುಮ್ಮನಾಗ್ತಾರೆ. ನಾವು ಬೇಡದಿದ್ದರೆ ನಮಗೆ ಏನೂ ಸಿಗೋದಿಲ್ಲ."

ಪಿಯಾನೋದ ಮುಚ್ಚಳ ಸವರಿದರು. "ಅದು ಸರಿ" ಎಂದರು. "ನೀನು ಹೇಳಿದ್ದು ಸರಿ. ಹಾಗಾದರೆ ಬೇಡುವುದಿದ್ದರೆ ನಿನ್ನ ಹೆಸರಿನಲ್ಲಿ ಬೇಡು. ನನ್ನ ಹೆಸರಿನಲ್ಲಿ ಬೇಡಬೇಡ."

ಇವತ್ತು ನಾನು ಸೂರತ್ತಿನ ವರಾಛಾದಲ್ಲಿ ವಿಮಾ ಕಚೇರಿಯಲ್ಲಿದ್ದೇನೆ. ವಜ್ರ ಉಜ್ಜಿ ಉಜ್ಜಿ ಕಣ್ಣು ಕೆಡಿಸಿಕೊಂಡವರು, ಯಂತ್ರಕ್ಕೆ ಬೆರಳು ಕೊಟ್ಟವರು ಕ್ಲೇಮಿಗೆ ಬರುತ್ತಾರೆ. ಕೈಯಲ್ಲಿ ಅದೇ ಅರ್ಜಿ, ಅದೇ ಮೆಹರ್ಬಾನಿ. ನಾನು ಪೆನ್ಸಿಲ್ಲಿನಲ್ಲಿ ಆ ಪದ ಹೊಡೆದು ಹಾಕಿ, "ಭಾಯಿ, ಪಾಲಿಸಿ ನಿಮ್ಮದು. ಇನ್ನೊಂದು ಸಲ ಬರೀರಿ" ಎನ್ನುತ್ತೇನೆ. ಮೇಲಿನವರು ನನ್ನನ್ನು ಅಹಂಕಾರಿ ಎನ್ನುತ್ತಾರೆ. ಅನ್ನಲಿ.

ಅಂದು, ಆ ಉತ್ತರ ಬಂದ ವಾರದ ಭಾನುವಾರ, ಸೊಸೈಟಿಯ ಸಭೆ, ಪಾರ್ಕಿಂಗ್‌ನಲ್ಲಿ ಕುರ್ಚಿ ಹಾಕಿಕೊಂಡು. ಮೇಡಂ ನನ್ನನ್ನೂ ಕರೆದುಕೊಂಡು ಹೋದರು. ಚೇರ್ಮನ್ನರು ನಯವಾಗಿಯೇ ಶುರುಮಾಡಿದರು. "ಬೆನ್, ನಿಮ್ಮ ಪತ್ರ ಓದಿ ನಮಗೆಲ್ಲ ಬೇಜಾರಾಯಿತು. ಅದಕ್ಕೇ ಅರ್ಧ ತಾಸು ಕೊಟ್ಟೆವಲ್ಲ."

ಮೇಡಂ ನನ್ನ ಕಡೆ ನೋಡಲಿಲ್ಲ. ಅದೇ ನನ್ನನ್ನು ಎಬ್ಬಿಸಿದ್ದು.

"ಅಂಕಲ್, ಆ ಪತ್ರ ತಪ್ಪು. ತಪ್ಪು ನನ್ನದು. ಇವರು ಅನುಮತಿ ಕೇಳಲಿಲ್ಲ. ಹಾಡ್ತೀನಿ ಅಂತ ತಿಳಿಸಿದ್ದರು, ಅಷ್ಟೇ."

"ನೀನು ಯಾರಮ್ಮ? ಆ ಇಡ್ಲಿ ಹೋಟೆಲಿನವರ ಮಗಳಲ್ಲವಾ?"

"ಹೌದು. ದೋಸೆ ಹೊಯ್ಯುವವರ ಮಗಳು." ಒಂದು ಹೆಜ್ಜೆ ಮುಂದೆ ಬಂದೆ. "ನವರಾತ್ರಿಯ ಒಂಬತ್ತು ದಿನ ನಿಮ್ಮ ಸ್ಪೀಕರ್ ಇವರ ಮಲಗುವ ಕೋಣೆಯ ಕೆಳಗೇ ಇರುತ್ತೆ. ಇವರು ಒಂದು ಸಲವಾದರೂ ಪತ್ರ ಬರೆದಿದ್ದಾರಾ?"

"ಗರ್ಬಾ ದೇವಿಯದು!" ಎಂದರು ಚೇರ್ಮನ್ನರ ಹೆಂಡತಿ.

ಅದನ್ನು ನಾನು ಮೇಡಮ್ಮಿಗೆ ಹೇಳಿದೆ. ಅವರು ತಮ್ಮ ಹರುಕು ಹಿಂದಿಯಲ್ಲಿ ನೇರವಾಗಿ ಆಕೆಗೇ ಹೇಳಿದರು: "ದೇವಿಗೆ ಸ್ಪೀಕರ್ ಬೇಕು. ನನಗೆ ಅದೂ ಬೇಡ. ಒಂದು ಕಿಟಕಿ ಸಾಕು."

ಹಿಂದೆ ಯಾರೋ ನಕ್ಕರು. ಸಭೆ ಏನನ್ನೂ ತೀರ್ಮಾನಿಸದೆ ಚಹಾಕ್ಕೆ ಎದ್ದಿತು. ಮರುದಿನ ಎರಡು ಗಂಟೆಗೆ ಮೇಡಂ ಕಿಟಕಿ ತೆರೆದು ಹಾಡಿದರು. ಕೆಳಗಿನ ಮನೆಯ ಕಿಟಕಿ ಧಡಾರನೆ ಮುಚ್ಚಿಕೊಂಡಿತು, ಅದರ ಮರುದಿನವೂ. ಆಮೇಲೆ ಎರಡನೇ ಮಹಡಿಯ ಹುಡುಗಿಯೊಬ್ಬಳು ಬೆಲ್ ಒತ್ತಿ, "ಆಂಟಿ, ನನಗೆ ಬೋರ್ಡ್ ಪರೀಕ್ಷೆ, ಓದೋಕಾಗ್ತಿಲ್ಲ" ಎಂದಳು. ಆ ಪರೀಕ್ಷೆ ಮುಗಿಯುವವರೆಗೂ ಮೇಡಂ ಅಡುಗೆಮನೆಯಲ್ಲಿ, ಬಾಗಿಲು ಹಾಕಿಕೊಂಡು, ಬೆವರು ಸುರಿಸುತ್ತ ಹಾಡಿದರು. ಬಂದು ಮುಖ ನೋಡಿ ಹೇಳಿದವರಿಗೆ ಅವರಲ್ಲಿ ಜಾಗವಿತ್ತು.

ಚೇರ್ಮನ್ನರು ಹೋಟೆಲಿಗೂ ಸುದ್ದಿ ಮುಟ್ಟಿಸಿದರು. "ನಿಮ್ಮ ಮಗಳು ಗಿರಾಕಿಗಳ ಮೇಲೆ ಜಗಳಕ್ಕೆ ಹೋಗ್ತಾಳಂತೆ?" ಎಂದು ಮಾಲೀಕರು ಕೇಳಿದರೆ ಅಪ್ಪ ಕಾವಲಿಯಿಂದ ಕಣ್ಣು ತೆಗೆಯದೆ, "ಗಿರಾಕಿ ಹತ್ರ ಅಲ್ಲ ಮಾಲಕ್ರೆ, ಚೇರ್ಮನ್ ಹತ್ರ" ಎಂದರಂತೆ. ನಮಸ್ಕಾರದ ವಿಚಾರ ಮತ್ತೆ ಎತ್ತಲಿಲ್ಲ.

ವಡೋದರಾಕ್ಕೆ ಬೆಳಗಿನ ರೈಲಿನಲ್ಲಿ ಹೋದೆವು. ದಾರಿಯಿಡೀ ಮೇಡಂ ಕೊರಳಿಗೆ ಶಾಲು ಸುತ್ತಿಕೊಂಡು ಒಂದಕ್ಷರ ಮಾತಾಡಲಿಲ್ಲ. ಏನು ಬೇಕಾದರೂ ಚೀಟಿಯಲ್ಲಿ ಬರೆದು ತೋರಿಸುತ್ತಿದ್ದರು. ಏಪ್ರಿಲ್ ತಿಂಗಳು. ಸಭಾಂಗಣದಲ್ಲಿ ಕಾಲೇಜಿನವರು 'ಇರಲಿ' ಎಂದು ಮೂರು ಮೈಕು ನಿಲ್ಲಿಸಿದ್ದರು. ಮೇಡಂ ವೇದಿಕೆಗೆ ಬಂದು, ಒಂದೊಂದನ್ನೇ ಎತ್ತಿ, ಪೊರಕೆ ಮೂಲೆಗಿಟ್ಟಂತೆ ಪಕ್ಕಕ್ಕಿಟ್ಟರು. ಫ್ಯಾನು ನಿಲ್ಲಿಸಿ ಎಂದು ಕೈಸನ್ನೆ ಮಾಡಿದರು. ಇನ್ನೂರು ಜನ ಬೆವರುತ್ತ ಕೂತೆವು. ಸೂರತ್ತಿನಿಂದ ಮೈದುನರ ಕುಟುಂಬವೂ ಬಂದಿತ್ತು.

ಸಂಗೀತ ನನಗೆ ತಿಳಿಯದು, ಸುಳ್ಳು ಹೇಳುವುದಿಲ್ಲ. ಆ ದನಿ ಕೊನೆಯ ಸಾಲಿನ ನನ್ನ ಕುರ್ಚಿಯ ಹಿಡಿಯಲ್ಲಿ ನಡುಗಿದ್ದು ಮಾತ್ರ ಕೈಗೆ ತಿಳಿಯಿತು. ಒಂದು ತಾಸು ಹಾಡಿದರು. ಕೊನೆಯ ಹಾಡಿನ ತುದಿಯಲ್ಲಿ ಎಲ್ಲಕ್ಕಿಂತ ಮೇಲಿನ ಸ್ವರವಿತ್ತು. ಮೂರು ತಿಂಗಳ ಹಟವೆಲ್ಲ ಅದಕ್ಕಾಗಿಯೇ. ಅದನ್ನು ತಪ್ಪಿಸಿ ಕೆಳಗಿನ ಸ್ವರದಲ್ಲೇ ಹಾಡಿ ಮುಗಿಸಬಹುದು, ಯಾರಿಗೂ ತಿಳಿಯುವುದಿಲ್ಲ ಎಂದು ಅವರೇ ಹೇಳಿದ್ದರು. ಪಕ್ಕೆಲುಬು ಅಗಲವಾದವು. ಹತ್ತಿದರು. ಸ್ವರ ಸಿಕ್ಕಿತು, ಒಂದು ಕ್ಷಣ ನಿಂತಿತು, ಒಡೆಯಿತು.

ಜನ ತಮ್ಮ ತಮ್ಮ ತೊಡೆ ನೋಡಿಕೊಂಡರು. ಮೇಡಂ ತಲೆ ತಗ್ಗಿಸಲಿಲ್ಲ. ಉಳಿದೆರಡು ಸಾಲನ್ನು ಅಷ್ಟೇ ದನಿಯಲ್ಲಿ ಹಾಡಿ ಮುಗಿಸಿ, ಚಪ್ಪಾಳೆ ಶುರುವಾಗುವವರೆಗೆ ನೆಟ್ಟಗೆ ನಿಂತಿದ್ದರು. ಮೊದಲು ಎದ್ದವರು ಮೈದುನರು. ಸಂಕೋಚಕ್ಕೋ ಅಭಿಮಾನಕ್ಕೋ, ನನಗೆ ಗೊತ್ತಿಲ್ಲ.

ವಾಪಸು ರೈಲಿನಲ್ಲಿ ಶಾಲು ಬಿಚ್ಚಿ, ಅಂದಿನ ಮೊದಲ ಮಾತಾಡಿದರು. "ಒಡೀತು, ಅಲ್ವಾ?"

ಯಾರಿಗೂ ಗೊತ್ತಾಗಲಿಲ್ಲ ಮೇಡಂ ಎನ್ನುವುದು ನಾಲಿಗೆಯ ತುದಿಗೆ ಬಂದಿತ್ತು. ನುಂಗಿದೆ. "ಹೌದು ಮೇಡಂ. ಒಡೀತು."

ಕಿಟಕಿಯ ಹೊರಗೆ ನೋಡಿದರು, ಆಮೇಲೆ ಗಟ್ಟಿಯಾಗಿ ನಕ್ಕರು. ಪಕ್ಕದ ಸೀಟಿನವರು ತಿರುಗಿ ನೋಡುವಷ್ಟು. "ಪೂರ್ತಿ ದನಿಯಲ್ಲೇ ಒಡೀತು. ಬಾ, ಏನಾದರೂ ತಿನ್ನೋಣ."

ಅಲ್ಲಿಂದ ಮುಂದೆ ಅವರು ಅಭ್ಯಾಸ ಮಾಡಲಿಲ್ಲ. ಹೇಳಿದ ಹಾಗೆ ತಾವೇ ಬಾಗಿಲು ಹಾಕಿಕೊಂಡರು. ಮಕ್ಕಳಿಗೆ ಪಾಠ ಹೇಳುತ್ತಿದ್ದರು, ನನ್ನ ಕೈಲಿ ಪರೀಕ್ಷೆಗೆ ಓದಿಸುತ್ತಿದ್ದರು. ನಾನು ಡಿಗ್ರಿ ತೆಗೆದುಕೊಂಡ ದಿನ ಅಪ್ಪ ಅಮ್ಮನ ನಡುವೆ, ಹೊಲಿಗೆ ಬಿಚ್ಚಿದ ರೇಷ್ಮೆ ಕುರ್ತಾದಲ್ಲಿ ಕೂತಿದ್ದರು.

ಹೋದ ಚಳಿಗಾಲದಲ್ಲಿ ಮೇಡಂ ತೀರಿಕೊಂಡರು. ಎರಡು ದಿನ ಜ್ವರ, ಮೂರನೇ ದಿನ ಇಲ್ಲ. ಸೊಸೈಟಿಯವರು ಪಾರ್ಕಿಂಗ್‌ನಲ್ಲೇ ಸಂತಾಪ ಸಭೆ ಇಟ್ಟರು. ನಾನು ಸೂರತ್ತಿನಿಂದ ರಜೆ ಹಾಕಿ ಹೋದೆ. ಫೋಟೋಗೆ ಗುಲಾಬಿ ಹಾರ ಹಾಕಿದ್ದರು. ಸೆಕ್ರೆಟರಿ ಎದ್ದು, ಶಾಂತ ಸ್ವಭಾವದ ಸಂಗೀತ ಟೀಚರು ಎಂದು ನಾಲ್ಕು ಮಾತಾಡಿ, "ಈಗ ಎಲ್ಲರೂ ಎದ್ದು ನಿಂತು ಎರಡು ನಿಮಿಷ ಮೌನ" ಎಂದರು. ಎಲ್ಲರೂ ಎದ್ದು ತಲೆ ತಗ್ಗಿಸಿದರು.

ನಾನೂ ಎದ್ದೆ. ತಲೆ ತಗ್ಗಲಿಲ್ಲ.

"ಮೌನ ಬೇಡ" ಎಂದೆ. "ಅದನ್ನ ಅವರು ಬದುಕಿದ್ದಾಗಲೇ ಕೇಳಿದ್ದಿರಿ. ಕೊಡಲಿಲ್ಲ. ಈಗ ತಗೋಬೇಡಿ."

ಚೇರ್ಮನ್ನರು ಗಂಟಲು ಸರಿಮಾಡಿಕೊಂಡರು. "ಹಾಗಾದರೆ ಏನು ಮಾಡೋಣ ಬೇಟಾ? ನೀನು ಹಾಡ್ತೀಯಾ?"

ನನಗೆ ಹಾಡಲು ಬರುವುದಿಲ್ಲ. ಅಷ್ಟು ವರ್ಷ ಅವರ ಪಕ್ಕ ಕೂತು ಒಂದು ಸ್ವರವನ್ನೂ ಕಲಿತವಳಲ್ಲ. "ಕೂತ್ಕೊಳ್ಳಿ. ಅವರು ಯಾರು ಅಂತ ಹೇಳ್ತೀನಿ" ಎಂದೆ. ಸೆಕ್ರೆಟರಿ ಮೈಕು ಚಾಚಿದರು. ತಗೊಳ್ಳಲಿಲ್ಲ. ಭತ್ತದ ಗದ್ದೆಯಿಂದ ಶುರುಮಾಡಿದೆ. ಅಮ್ಮನ ಬೂಟಿಗೆ ಬರುವಷ್ಟರಲ್ಲಿ ಮೂರನೇ ಮಹಡಿಯವರು ಬಾಲ್ಕನಿಗೆ ಬಂದು ನಿಂತಿದ್ದರು. ಸೆಕ್ರೆಟರಿ ಎರಡು ಸಲ ಗಡಿಯಾರ ನೋಡಿಕೊಂಡರು. ನಾನು ಇನ್ನೂ ಕೋರಸ್ಸಿನ ಆರು ವರ್ಷವನ್ನೇ ಹೇಳುತ್ತಿದ್ದೆ.